ಹೆನ್ನಾದಿ ಮೊಸ್ಕಾಲ್: ಎಂಪಿ ಆಗಿದ್ದೋರು ಮತ್ತೆ ಗವರ್ನರ್ ಆಗಿದ್ದು ಹೇಗೆ?

ಪ್ರಶ್ನೆ: ಉಕ್ರೇನ್‌ನ ಮೊಸ್ಕಾಲ್ ಬಗ್ಗೆ ಓದ್ತಿದ್ದೆ, ಪೊಲೀಸ್ ಆಫೀಸರ್ ಆಗಿದ್ದೋರು ಗವರ್ನರ್ ಆದ್ರು, ಆಮೇಲೆ ಎಂಪಿ, 2014ರಲ್ಲಿ ಮತ್ತೆ ಗವರ್ನರ್. ಅಲ್ಲಿ ಎರಡೂ ಹುದ್ದೆ ಒಟ್ಟಿಗೆ ಇಟ್ಕೋಬಹುದಾ?

ಉತ್ತರ 1: ಇಲ್ಲ. ಅಲ್ಲಿ ಗವರ್ನರ್‌ನ ಜನ ಆರಿಸಲ್ಲ, ಕ್ಯಾಬಿನೆಟ್ ಹೆಸರು ಕಳಿಸತ್ತೆ, ಅಧ್ಯಕ್ಷರು ನೇಮಿಸ್ತಾರೆ. ರಾಡಾ ಅಂದ್ರೆ ಅವರ ಸಂಸತ್ತು, ಅದರ ಸದಸ್ಯರು ಆ ಹುದ್ದೆ ತಗೊಂಡ್ರೆ ಸೀಟು ಬಿಡಲೇಬೇಕು.

ಉತ್ತರ 2: ನಂಗೆ ತುಂಬಾ ಮುಖ್ಯ ಅನ್ಸೋದು ಅವರು ಪೂರ್ವ ಉಕ್ರೇನ್‌ನ ಲುಹಾನ್ಸ್ಕ್ ಪ್ರಾಂತ್ಯಕ್ಕೆ ಗವರ್ನರ್ ಆಗಿದ್ದ ಕಾಲ. 2014ರ ಸೆಪ್ಟೆಂಬರ್‌ನಲ್ಲಿ ಅವರು ಹೋದಾಗ ಲುಹಾನ್ಸ್ಕ್ ನಗರನೇ ಸರ್ಕಾರದ ಕೈಲಿರ್ಲಿಲ್ಲ, ಆಡಳಿತ ಎಲ್ಲಾ ಅದೇ ಪ್ರಾಂತ್ಯದ ಸೆವೆರೊಡೊನೆಟ್ಸ್ಕ್ ಊರಿಂದ ನಡೆಸ್ಬೇಕಾಯ್ತು, ಅಂಥಾ ಹೊತ್ತಲ್ಲಿ ರಾಡಾ ಸೀಟು ಬಿಟ್ಟು ಯುದ್ಧದ ಜಾಗಕ್ಕೆ ಹೋಗೋದು ಸಣ್ಣ ಮಾತಲ್ಲ ಕಣ್ರೀ.

ಉತ್ತರ 3: 2015ರ ಜುಲೈನಲ್ಲಿ ಪಶ್ಚಿಮ ಉಕ್ರೇನ್‌ನ ಜಕಾರ್ಪಾಟಿಯಾ ಪ್ರಾಂತ್ಯದ ಮುಕಾಚೆವೊ ಊರಲ್ಲಿ ಗುಂಡು ಹಾರಿದ್ಮೇಲೆ ಅವರನ್ನ ಆ ಪ್ರಾಂತ್ಯಕ್ಕೆ ಗವರ್ನರ್ ಮಾಡಿ ಕಳಿಸಿದ್ರು, 2001ರಲ್ಲೇ ಅಲ್ಲಿ ಗವರ್ನರ್ ಆಗಿದ್ರಲ್ಲ, ಜಾಗ ಗೊತ್ತಿತ್ತು. 2019ರವರೆಗೂ ಅಲ್ಲೇ ಇದ್ರು.