ಕಾಪಾಡಲು ನಾವೇ ಇಳಿಯಬೇಕೇ, ದೂರ ನಿಲ್ಲಬೇಕೇ?

ಪ್ರಶ್ನೆ:
ಈಜು ಬರುತ್ತದೆ, ಜೀವರಕ್ಷಕ ತರಬೇತಿ ಇಲ್ಲ. ಅಂಥವರ ಕಣ್ಣೆದುರೇ ಯಾರಾದರೂ ಮುಳುಗುತ್ತಿದ್ದರೆ ಏನು ಮಾಡಬೇಕು? "ಹಾರಬೇಡಿ, ಫೋನ್ ಮಾಡಿ" ಅನ್ನುವುದು ಸುಲಭ. ರಕ್ಷಣೆಯವರು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದಲ್ಲ? ಗುಂಡಿಗೆ ಬಿದ್ದಾಗ, ಕರೆಂಟ್ ಹೊಡೆದಾಗಲೂ ಇದೇ ಗೊಂದಲ.

ಉತ್ತರ 1:
ಕೈಕಟ್ಟಿ ನಿಲ್ಲುವುದಕ್ಕೂ ನೀರಿಗೆ ಹಾರುವುದಕ್ಕೂ ನಡುವೆ ಮಾಡಬಹುದಾದದ್ದು ಬಹಳ ಇದೆ. ಮುಳುಗುವವರು ಸಾಮಾನ್ಯವಾಗಿ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲೇ ಮೇಲೆ ಕೆಳಗೆ ಆಗುತ್ತಿರುತ್ತದೆ, ಎರಡೂ ಕೈ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ಹತ್ತಿರ ಹೋದವರನ್ನೇ ಏಣಿ ಮಾಡಿಕೊಂಡು ಹತ್ತುತ್ತಾರೆ. ಒಳ್ಳೆಯ ಈಜುಗಾರನೂ ಅಡಿಗೆ ಹೋಗುತ್ತಾನೆ.

ದಡದಲ್ಲಿ ಬೋರಲು ಮಲಗಿ ಕೋಲನ್ನೋ ಉದ್ದ ಬಟ್ಟೆಯನ್ನೋ ಚಾಚಿ. ನಿಂತು ಚಾಚಿದರೆ ಅವರು ಎಳೆದ ರಭಸಕ್ಕೆ ನೀವೇ ಒಳಗೆ. ದೂರವಿದ್ದರೆ ಹಗ್ಗ: ತಲೆ ದಾಟಿ ಆಚೆ ಬೀಳುವಂತೆ ಎಸೆದು, ಭುಜದ ಮೇಲೆ ಬರುವ ಹಾಗೆ ಎಳೆದುಕೊಳ್ಳಿ. ಇನ್ನೊಂದು ತುದಿಯನ್ನು ಕಾಲಡಿ ಒತ್ತಿಟ್ಟಿರಿ, ಆತುರದಲ್ಲಿ ಇಡೀ ಸುರುಳಿಯನ್ನೇ ಎಸೆದುಬಿಡುವವರಿದ್ದಾರೆ. ಆದರೆ ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಹಗ್ಗ ಇಲ್ಲವೇ? ಹಿಡಿದು ತೇಲಲು ಮುಚ್ಚಳ ಬಿಗಿದ 5 ಲೀಟರ್ ಕ್ಯಾನ್ ಎಸೆದರೂ ಸಾಕು. ತಳದಲ್ಲಿ ಸ್ವಲ್ಪ ನೀರಿರಲಿ, ಪೂರ್ತಿ ಖಾಲಿಯಾದದ್ದು ಗಾಳಿಗೆ ಎತ್ತಲೋ ಹೋಗಿ ಬೀಳುತ್ತದೆ.

ಇದ್ಯಾವುದೂ ಆಗದೆ ಇಳಿಯಲೇಬೇಕಾದರೆ ತೇಲುವ ವಸ್ತು ಹಿಡಿದೇ ಇಳಿಯಿರಿ. ಎರಡು ಮಾರು ದೂರದಿಂದಲೇ ಅದನ್ನು ಅವರತ್ತ ತಳ್ಳಿ, ಮೈ ಹಿಡಿಯಗೊಡಬೇಡಿ.

ಉತ್ತರ 2:
ನೀರಿನ ವಿಚಾರದಲ್ಲಿ ಆ ಕೊನೆಯ ಅವಕಾಶವಾದರೂ ಇದೆ. ಮಲದ ಗುಂಡಿ, ಮ್ಯಾನ್‌ಹೋಲ್, ಹಾಳು ಬಾವಿಗಳಲ್ಲಿ ಅದೂ ಇಲ್ಲ. ಇಳಿದವರು ಇದ್ದಕ್ಕಿದ್ದಂತೆ ಕುಸಿದರೆ ಗಾಳಿ ಕೆಟ್ಟಿದೆ ಎಂದೇ ಲೆಕ್ಕ. ಅಲ್ಲಿ ತುಂಬಿಕೊಳ್ಳುವ ವಿಷಾನಿಲ ಹೈಡ್ರೋಜನ್ ಸಲ್ಫೈಡ್‌ಗೆ ಕೊಳೆತ ಮೊಟ್ಟೆಯ ವಾಸನೆ, ನಿಜ. ಆದರೆ ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕೆ 100 ಭಾಗ) ದಾಟಿದರೆ ಮೂಗಿಗೆ ಅದು ತಿಳಿಯುವುದೇ ನಿಲ್ಲುತ್ತದೆ. "ವಾಸನೆ ಹೋಯ್ತು, ಇಳೀಬಹುದು" ಅಂದವರೇ ಎರಡನೇ ಹೆಣವಾಗುವುದು. ಮುಖಕ್ಕೆ ಕಟ್ಟಿದ ಒದ್ದೆ ಬಟ್ಟೆ ಅನಿಲವನ್ನು ತಡೆಯುವುದಿಲ್ಲ, ಆಮ್ಲಜನಕ ಕೊಡುವುದೂ ಇಲ್ಲ. ಒಳಗಿದ್ದವರಿಗೆ ಮೊದಲೇ ಹಗ್ಗ ಕಟ್ಟಿದ್ದರೆ ಮೇಲಿನಿಂದ ಎಳೆಯಿರಿ. ಇಲ್ಲವಾದರೆ ಬ್ಲೋವರ್ ಪೈಪನ್ನು ತಳದವರೆಗೆ ಬಿಟ್ಟು ಹೊರಗಾಳಿ ಊದಿ. ಅದರ ಮೋಟರ್ ಗುಂಡಿಯ ಬಾಯಿಯಿಂದ ದೂರವಿರಲಿ, ಒಳಗೆ ಮೀಥೇನ್ ಅನಿಲ ಇದ್ದರೆ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ಇಳಿಯುವುದು ಉಸಿರಾಟದ ಉಪಕರಣ ತೊಟ್ಟವರ ಕೆಲಸ.

ಪ್ರಶ್ನೆ ಕೇಳಿದವರು:
ಕರೆಂಟ್‌ಗೆ ಒಣ ಕೋಲಿಂದ ತಳ್ಳಿ ಅಂತಾರಲ್ಲ, ಅದು ಸರೀನಾ?

ಉತ್ತರ 3:
ಮನೆಯೊಳಗಾದರೆ ಮೊದಲು ಮೇನ್ ಆಫ್ ಮಾಡಿ. ಅದು ಕೈಗೆಟುಕದಿದ್ದರೆ ಮಾತ್ರ ಒಣ ಪ್ಲಾಸ್ಟಿಕ್ ಸ್ಟೂಲ್ ಮೇಲೆ ನಿಂತು ಒಣ ಮರದ ಕೋಲು. ಕಂಬದಿಂದ ಹರಿದು ಬಿದ್ದ ತಂತಿಗೆ ಈ ಉಪಾಯ ಬೇಡವೇ ಬೇಡ. ಕಿಡಿ ಹಾರದಿದ್ದರೂ ಕನಿಷ್ಠ 10 ಮೀಟರ್ ದೂರವಿದ್ದು, ಲೈನ್ ಆಫ್ ಮಾಡಿಸಿ. ಪಾದ ಜುಮ್ಮೆಂದರೆ ಎರಡೂ ಪಾದ ಜೋಡಿಸಿ, ನೆಲದಿಂದ ಎತ್ತದೆ ಸರಿಸುತ್ತಾ ಹಿಂದೆ ಬನ್ನಿ. ದೊಡ್ಡ ಹೆಜ್ಜೆ ಇಟ್ಟರೆ ಎರಡು ಪಾದಗಳ ನಡುವಿನ ವೋಲ್ಟೇಜ್ ವ್ಯತ್ಯಾಸಕ್ಕೆ ಕರೆಂಟ್ ಮೈಯೊಳಗೆ ಹರಿಯುತ್ತದೆ.

ಬಿಡಿಸಿದ ಮೇಲೆ ಉಸಿರಿಲ್ಲದಿದ್ದರೆ ಎದೆಯ ನಡುವೆ 5–6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಮುಳುಗಿದವರ ಹೊಟ್ಟೆ ಅದುಮಿ ನೀರು ತೆಗೆಯಲು ಹೋಗಬೇಡಿ, ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ. "ಯಾರಾದರೂ ಫೋನ್ ಮಾಡಿ" ಎಂದು ಗುಂಪಿಗೆ ಕೂಗಿದರೆ ಯಾರೂ ಮಾಡದೆ ಉಳಿಯಬಹುದು. ಬೆರಳು ತೋರಿಸಿ, "ನೀಲಿ ಅಂಗಿಯವರೇ, ನೀವು ಆಂಬುಲೆನ್ಸಿಗೆ ಫೋನ್ ಮಾಡಿ, ಏನಂದರು ಅಂತ ಬಂದು ಹೇಳಿ" ಅನ್ನಿ.