ಲೇಸರ್ ಮತ್ತು ಪ್ಲಾಸ್ಮಾ ಭೌತವಿಜ್ಞಾನ: ಸ್ನಾತಕೋತ್ತರ ವಿದ್ಯಾರ್ಥಿಗಳ ತರಬೇತಿಯನ್ನು ಎಲ್ಲಿಂದ ಆರಂಭಿಸಬೇಕು?

ಭೌತಬೋಧಕ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಭೌತವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಲೇಸರ್ ಮತ್ತು ಪ್ಲಾಸ್ಮಾ (ಎಲೆಕ್ಟ್ರಾನ್‌ಗಳೂ ಅಯಾನುಗಳೂ ಬೇರ್ಪಟ್ಟಿರುವ ಅನಿಲ) ವಿಷಯದಲ್ಲಿ ಎರಡು ಸೆಮಿಸ್ಟರ್‌ಗಳ ತರಬೇತಿಯನ್ನು ರೂಪಿಸುವ ಹೊಣೆ ನನ್ನ ಮೇಲಿದೆ. ನಮ್ಮಲ್ಲಿರುವ ಸಲಕರಣೆ ಸಾಧಾರಣವಾದದ್ದು: ಕಡಿಮೆ ಒತ್ತಡದ ಅನಿಲದಲ್ಲಿ ವಿದ್ಯುತ್ ಹರಿಸಿ ಪ್ಲಾಸ್ಮಾ ಹುಟ್ಟಿಸುವ ಒಂದು ಗ್ಲೋ ಡಿಸ್ಚಾರ್ಜ್ ಕೊಳವೆ, ಅದಕ್ಕೊಂದು ರೋಟರಿ ಪಂಪು, 1064 ನ್ಯಾನೊಮೀಟರ್ ತರಂಗಾಂತರದಲ್ಲಿ ಸುಮಾರು 10 ನ್ಯಾನೊಸೆಕೆಂಡಿನ ಪಲ್ಸ್ ಕೊಡುವ ಎನ್‌ಡಿ-ಯಾಗ್ ಲೇಸರ್, ಜೊತೆಗೆ ಒಂದು ಸ್ಪೆಕ್ಟ್ರೋಮೀಟರ್.

ವಿದ್ಯಾರ್ಥಿಗಳ ಉತ್ಸಾಹಕ್ಕೇನೂ ಕೊರತೆಯಿಲ್ಲ. ಸ್ಟ್ರಿಕ್‌ಲ್ಯಾಂಡ್ ಮತ್ತು ಮುರೂ 1985ರಲ್ಲಿ ಪ್ರಕಟಿಸಿ 2018ರಲ್ಲಿ ನೊಬೆಲ್ ಪಡೆದ ಚರ್ಪ್ಡ್ ಪಲ್ಸ್ ವರ್ಧನೆಯ (ಲೇಸರ್ ಪಲ್ಸನ್ನು ಕಾಲದಲ್ಲಿ ಹಿಗ್ಗಿಸಿ, ವರ್ಧಿಸಿ, ಮತ್ತೆ ಕುಗ್ಗಿಸುವ ವಿಧಾನ) ಬಗ್ಗೆ ಅವರು ಓದಿಕೊಂಡಿರುತ್ತಾರೆ. ಅಮೆರಿಕದ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿಯಲ್ಲಿ 2022ರ ಡಿಸೆಂಬರ್‌ನಲ್ಲಿ 2.05 ಮೆಗಾಜೌಲ್ ಲೇಸರ್ ಶಕ್ತಿಯಿಂದ 3.15 ಮೆಗಾಜೌಲ್ ಸಮ್ಮಿಲನ ಶಕ್ತಿ ದೊರೆತದ್ದೂ ಅವರಿಗೆ ಗೊತ್ತು. ಆದರೆ ಎದುರಿಗಿರುವ ಕೊಳವೆಯಲ್ಲಿ ಡಿಬೈ ದೂರ (ಪ್ಲಾಸ್ಮಾದೊಳಗೆ ಒಂದು ಆವೇಶದ ಪ್ರಭಾವ ಮರೆಯಾಗುವ ದೂರ) ಎಷ್ಟಿರಬಹುದು ಎಂದು ಕೇಳಿದರೆ, ಸೂತ್ರವನ್ನು ತಪ್ಪಿಲ್ಲದೆ ಬರೆಯುವವರೂ ಉತ್ತರ ಮಿಲಿಮೀಟರಿನದೋ ಮೈಕ್ರಾನಿನದೋ ಎಂದು ಹೇಳಲಾಗದೆ ತಡವರಿಸುತ್ತಾರೆ. ಸಿದ್ಧಾಂತವನ್ನು ಪೂರ್ತಿ ಮುಗಿಸಿ ಪ್ರಯೋಗಾಲಯಕ್ಕೆ ಕರೆದೊಯ್ಯಬೇಕೇ, ಎರಡನ್ನೂ ಒಟ್ಟಿಗೆ ನಡೆಸಬೇಕೇ, ಸಿಮ್ಯುಲೇಶನ್‌ಗೆ ಎಲ್ಲಿ ಜಾಗ ಕೊಡಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ನಿರ್ವಾತಕೋಣೆ:

ನಮಸ್ಕಾರ ಸರ್. ನಿಮ್ಮಲ್ಲಿರುವ ಸಲಕರಣೆಗಳ ಪೈಕಿ ಅತ್ಯಂತ ಬೆಲೆಬಾಳುವ ಬೋಧನಾ ಸಾಧನ ಆ ಗ್ಲೋ ಡಿಸ್ಚಾರ್ಜ್ ಕೊಳವೆಯೇ ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲ ವಾರದಿಂದಲೇ ವಿದ್ಯಾರ್ಥಿಗಳನ್ನು ಅದರ ಮುಂದೆ ಕೂರಿಸಿ. ಸಿದ್ಧಾಂತದ ತರಗತಿಗಳು ಪಕ್ಕದಲ್ಲೇ ನಡೆಯುತ್ತಿರಲಿ.

ಆರಂಭಕ್ಕೆ ಪಾಶೆನ್ ವಕ್ರರೇಖೆ, ಅಂದರೆ ಅನಿಲದಲ್ಲಿ ವಿದ್ಯುತ್ ಹರಿಯತೊಡಗಲು ಬೇಕಾದ ವೋಲ್ಟೇಜ್ ಒತ್ತಡದೊಂದಿಗೆ ಹೇಗೆ ಬದಲಾಗುತ್ತದೆಂಬ ನಕ್ಷೆ, ಸಾಕು. ಒತ್ತಡ ಇಳಿಸಿದಷ್ಟೂ ಅನಿಲ ಸುಲಭವಾಗಿ ವಿದ್ಯುತ್ ಹರಿಯಲು ಬಿಡುತ್ತದೆ ಎಂದು ಹೆಚ್ಚಿನವರು ನಂಬಿರುತ್ತಾರೆ. ಒತ್ತಡ ಮತ್ತು ಎಲೆಕ್ಟ್ರೋಡ್‌ಗಳ ನಡುವಿನ ಅಂತರದ ಗುಣಲಬ್ಧ ಒಂದು ಮಟ್ಟಕ್ಕಿಂತ ಕೆಳಗಿಳಿದಾಗ ಬೇಕಾಗುವ ವೋಲ್ಟೇಜ್ ಮತ್ತೆ ಏರತೊಡಗುವುದನ್ನು ಮೀಟರಿನಲ್ಲಿ ತಾವೇ ಕಂಡಾಗ, ಎಲೆಕ್ಟ್ರಾನ್ ಒಂದು ಡಿಕ್ಕಿಯಿಂದ ಮತ್ತೊಂದು ಡಿಕ್ಕಿಯ ನಡುವೆ ಎಷ್ಟು ದೂರ ಸಾಗುತ್ತದೆ ಎಂಬ ಪ್ರಶ್ನೆ ಅವರಲ್ಲಿ ತಾನಾಗಿಯೇ ಹುಟ್ಟುತ್ತದೆ.

ಅನಂತರ ಲ್ಯಾಂಗ್ಮ್ಯೂರ್ ಪ್ರೋಬ್, ಅಂದರೆ ಪ್ಲಾಸ್ಮಾದೊಳಗೆ ಇಳಿಸಿ ಅಳೆಯುವ ಸಣ್ಣ ತಂತಿ. ಇಲ್ಲಿ ಅವಸರಿಸಬೇಡಿ. ಪ್ರೋಬ್‌ಗೆ ಕೊಟ್ಟ ವೋಲ್ಟೇಜ್‌ಗೆ ಎದುರಾಗಿ ವಿದ್ಯುತ್ ಪ್ರವಾಹವನ್ನು ದಾಖಲಿಸಿ, ಅಯಾನುಗಳ ಪಾಲನ್ನು ಕಳೆದು, ಉಳಿದದ್ದರ ಲಾಗರಿದಮ್ ತೆಗೆದರೆ ಬರುವ ಸರಳರೇಖೆಯ ಇಳಿಜಾರಿನಿಂದ ಎಲೆಕ್ಟ್ರಾನ್ ತಾಪ ಸಿಗುತ್ತದೆ ಎಂದು ಪಠ್ಯದಲ್ಲಿ ಒಂದೇ ಸಾಲಿನಲ್ಲಿ ಬರೆದಿರುತ್ತದೆ. ಆದರೆ ಯಾವ ಬಿಂದುವಿನಿಂದ ಯಾವ ಬಿಂದುವಿನವರೆಗೆ ರೇಖೆ ಸರಳ ಎಂದು ನಿರ್ಧರಿಸುವುದು ಯಾರು? ಒಂದೇ ದತ್ತಾಂಶವನ್ನು ಇಬ್ಬರಿಗೆ ಕೊಟ್ಟು ಪ್ರತ್ಯೇಕವಾಗಿ ಲೆಕ್ಕ ಹಾಕಿಸಿ. ಒಬ್ಬರು 2 ಎಲೆಕ್ಟ್ರಾನ್ ವೋಲ್ಟ್ (ಪ್ಲಾಸ್ಮಾದ ತಾಪವನ್ನು ಹೇಳಲು ಬಳಸುವ ಶಕ್ತಿಯ ಏಕಮಾನ) ಎಂದೂ ಇನ್ನೊಬ್ಬರು 3 ಎಂದೂ ಬರೆದು ತಂದರೆ ಅಚ್ಚರಿಪಡಬೇಕಾಗಿಲ್ಲ. ಆ ಭೇದದ ಮೇಲೆ ನಡೆಯುವ ಚರ್ಚೆಯೇ ನಿಜವಾದ ತರಗತಿ. ವೋಲ್ಟೇಜನ್ನು ಏರಿಸುತ್ತಾ ಪಡೆದ ರೇಖೆಯೂ ಇಳಿಸುತ್ತಾ ಪಡೆದ ರೇಖೆಯೂ ಒಂದರ ಮೇಲೊಂದು ಕೂರದಿದ್ದರೆ ಪ್ರೋಬ್‌ನ ತುದಿಗೆ ಕೊಳೆ ಹಿಡಿದಿದೆಯೇ ಎಂದು ನೋಡಬೇಕು, ಹೆಚ್ಚಿನ ಧನ ವೋಲ್ಟೇಜ್ ಕೊಟ್ಟು ತಂತಿಯನ್ನು ಕೆಂಪಗೆ ಕಾಯಿಸಿ ಶುಚಿಗೊಳಿಸಬೇಕು ಎಂಬುದನ್ನು ಕೈಯಾರೆ ಮಾಡಿಯೇ ಕಲಿಯಬೇಕು.

ನಿಮ್ಮ ಡಿಬೈ ದೂರದ ಪ್ರಶ್ನೆಗೂ ಅಲ್ಲೇ ಉತ್ತರವಿದೆ. ತಾಪ 2 ಎಲೆಕ್ಟ್ರಾನ್ ವೋಲ್ಟ್, ಸಾಂದ್ರತೆ ಘನ ಸೆಂಟಿಮೀಟರಿಗೆ 10ರ 10ನೆಯ ಘಾತದಷ್ಟಿದ್ದರೆ ಅದು ಸುಮಾರು 0.1 ಮಿಲಿಮೀಟರ್ ಆಗುತ್ತದೆ. ಪ್ರೋಬ್ ತಂತಿಯ ತ್ರಿಜ್ಯವೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ, ತಂತಿಯ ಸುತ್ತಣ ಕವಚ (ಧನ-ಋಣ ಆವೇಶಗಳ ಸಮತೋಲ ತಪ್ಪಿರುವ ಪದರ) ತೆಳುವೆಂದು ಭಾವಿಸುವ ಸರಳ ಸೂತ್ರವನ್ನು ಬಳಸಬಹುದೇ ಎಂದು ಅವರು ಯೋಚಿಸಲೇಬೇಕಾಗುತ್ತದೆ.

ಕಿರಣಪಥ:

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಲೇಸರ್ ಕೋಣೆಯ ಬಗ್ಗೆ ಯಾರೂ ಇನ್ನೂ ಏನನ್ನೂ ಹೇಳಿಲ್ಲ. 1064 ನ್ಯಾನೊಮೀಟರಿನ ಕಿರಣ ಕಣ್ಣಿಗೆ ಕಾಣುವುದಿಲ್ಲ. ಆದರೂ 400ರಿಂದ 1400 ನ್ಯಾನೊಮೀಟರ್‌ವರೆಗಿನ ಬೆಳಕನ್ನೆಲ್ಲ ಕಣ್ಣು ಒಳಕ್ಕೆ ಬಿಟ್ಟುಕೊಂಡು ಅಕ್ಷಿಪಟಲದ ಮೇಲೆ ಕೇಂದ್ರೀಕರಿಸುತ್ತದೆ. ಲೇಪನವಿಲ್ಲದ ಗಾಜಿನ ಮಸೂರದ ಒಂದೊಂದು ಮೇಲ್ಮೈಯಿಂದಲೂ ಸುಮಾರು ಶೇ. 4ರಷ್ಟು ಬೆಳಕು ಹಿಂದಿರುಗುತ್ತದೆ. ಅಂದರೆ 100 ಮಿಲಿಜೌಲ್ ಪಲ್ಸ್‌ನಲ್ಲಿ 4 ಮಿಲಿಜೌಲ್. ನ್ಯಾನೊಸೆಕೆಂಡ್ ಪಲ್ಸ್‌ಗಳ ಮಟ್ಟಿಗೆ ಕಣ್ಣು ತಡೆದುಕೊಳ್ಳುವ ಮಿತಿ ಕೆಲವೇ ಮೈಕ್ರೋಜೌಲ್‌ಗಳಷ್ಟೆಂದು ನೆನಪಿಡಿ.

ಮುದ್ರಿತ ನಿಯಮಾವಳಿಗೆ ಸಹಿ ಹಾಕಿಸಿಕೊಳ್ಳುವುದನ್ನು ನಾನು ತರಬೇತಿ ಎಂದು ಕರೆಯುವುದಿಲ್ಲ. ಲೇಸರ್ ಆರಿರುವಾಗ ವಿದ್ಯಾರ್ಥಿಯನ್ನು ಮೇಜಿನ ಬಳಿ ನಿಲ್ಲಿಸಿ, ಪ್ರತಿಯೊಂದು ಮೇಲ್ಮೈಯಿಂದ ಪ್ರತಿಫಲನ ಎತ್ತ ಹೋಗುತ್ತದೆ, ಅದನ್ನು ತಡೆಯುವ ಫಲಕ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಹೇಳಿ. ತೋರಿಸಲಾಗದವರು ಇನ್ನೂ ಸಿದ್ಧರಾಗಿಲ್ಲ. ಜೋಡಣೆಯ ಅಭ್ಯಾಸ ಕಡಿಮೆ ಶಕ್ತಿಯ ಹೀಲಿಯಂ-ನಿಯಾನ್ ಲೇಸರ್‌ನಲ್ಲಿ ನಡೆಯಲಿ. ಉಂಗುರ, ಕೈಗಡಿಯಾರ ಕೋಣೆಯ ಹೊರಗಿರಲಿ. 532 ನ್ಯಾನೊಮೀಟರಿಗೆಂದು ತಯಾರಾದ ರಕ್ಷಣಾ ಕನ್ನಡಕ 1064ಕ್ಕೆ ಆಗಿಬರುತ್ತದೆಂದು ಭಾವಿಸಬಾರದು. ಗಾಜಿನ ಮೇಲೆ ಬರೆದಿರುವ ತರಂಗಾಂತರವನ್ನೂ ದ್ಯುತಿಸಾಂದ್ರತೆಯನ್ನೂ (ಗಾಜು ಆ ಬೆಳಕನ್ನು ಎಷ್ಟು ತಡೆಯುತ್ತದೆಂಬ ಅಳತೆ) ಓದುವುದನ್ನು ಕಲಿಸಿ. ವಿದ್ಯುತ್ ಸರಬರಾಜು ಪೆಟ್ಟಿಗೆಯೊಳಗಿನ ಕೆಪಾಸಿಟರ್‌ಗಳು ಸ್ವಿಚ್ ಆರಿಸಿದ ಮೇಲೂ ಆವೇಶವನ್ನು ಹಿಡಿದಿಟ್ಟುಕೊಂಡಿರಬಹುದಾದ್ದರಿಂದ ಅದನ್ನು ವಿದ್ಯಾರ್ಥಿಗಳು ತೆರೆಯಲೇಬಾರದು.

ಜಾಲಬಿಂದು:

ಸಿಮ್ಯುಲೇಶನ್ ಬಗ್ಗೆ ಎರಡು ಮಾತು. ಎಪಾಕ್, ಸ್ಮೈಲಿ, ವಾರ್ಪ್‌ಎಕ್ಸ್‌ನಂತಹ ಮುಕ್ತ ತಂತ್ರಾಂಶಗಳು ಸುಲಭವಾಗಿ ಸಿಗುತ್ತವೆ, ಆದರೆ ಅವುಗಳಿಂದ ಆರಂಭಿಸುವುದು ನನಗೆ ಸರಿಕಾಣುವುದಿಲ್ಲ. ಮೊದಲು ಏಕ ಆಯಾಮದ ಪಾರ್ಟಿಕಲ್-ಇನ್-ಸೆಲ್ (ಕಣಗಳ ಚಲನೆಯನ್ನೂ ಜಾಲದ ಬಿಂದುಗಳಲ್ಲಿ ಕ್ಷೇತ್ರವನ್ನೂ ಲೆಕ್ಕ ಹಾಕುವ) ಪ್ರೋಗ್ರಾಮನ್ನು ವಿದ್ಯಾರ್ಥಿಗಳೇ ಬರೆಯಲಿ. ಎದುರುಬದುರಾಗಿ ಹರಿಯುವ ಎರಡು ಎಲೆಕ್ಟ್ರಾನ್ ಧಾರೆಗಳ ಅಸ್ಥಿರತೆಯನ್ನು ಅದರಲ್ಲಿ ನೋಡಲಿ. ಆಮೇಲೆ ಜಾಲದ ಅಂತರವನ್ನು ಡಿಬೈ ದೂರಕ್ಕಿಂತ ಬಹಳ ದೊಡ್ಡದಾಗಿ ಇಡಲು ಹೇಳಿ. ಸುಮ್ಮನಿರಬೇಕಾದ ಪ್ಲಾಸ್ಮಾ ಯಾವ ಭೌತಿಕ ಕಾರಣವೂ ಇಲ್ಲದೆ ಬಿಸಿಯಾಗುತ್ತಾ ಹೋಗುವುದನ್ನು ಕಂಡವರು, ಬಣ್ಣಬಣ್ಣದ ಚಿತ್ರ ಬಂದ ಮಾತ್ರಕ್ಕೆ ಫಲಿತಾಂಶ ಸರಿಯೆಂದು ಮುಂದೆ ವಾದಿಸುವುದಿಲ್ಲ. ಒಟ್ಟು ಶಕ್ತಿಯ ಲೆಕ್ಕವಿಲ್ಲದ ವರದಿಯನ್ನು ನಾನಂತೂ ಹಿಂದಿರುಗಿಸುತ್ತೇನೆ.

ಭೌತಬೋಧಕ:

ಮೂವರಿಗೂ ಕೃತಜ್ಞತೆಗಳು. ಕೊಳವೆಯ ಕೆಲಸವನ್ನು ಮೊದಲ ಸೆಮಿಸ್ಟರಿಗೆ, ಲೇಸರನ್ನು ಎರಡನೆಯದಕ್ಕೆ ಇರಿಸಿಕೊಳ್ಳುತ್ತೇನೆ. ಸುರಕ್ಷತೆಯ ಪರೀಕ್ಷೆ ಮುಗಿದ ಮೇಲೆ ಈ ಲೇಸರ್‌ನಿಂದ ಮಾಡಿಸಬಹುದಾದ ಮೊದಲ ಪ್ರಯೋಗ ಯಾವುದು?

ನಿರ್ವಾತಕೋಣೆ:

ಕಿರಣವನ್ನು ಮಸೂರದಿಂದ ಗಾಳಿಯಲ್ಲೇ ಕೇಂದ್ರೀಕರಿಸಿ ಕಿಡಿ ಹುಟ್ಟಿಸುವುದು. 100 ಮಿಲಿಜೌಲನ್ನು 10 ನ್ಯಾನೊಸೆಕೆಂಡಿನಲ್ಲಿ 50 ಮೈಕ್ರಾನ್ ತ್ರಿಜ್ಯದ ಚುಕ್ಕೆಯ ಮೇಲೆ ಸುರಿದರೆ ತೀವ್ರತೆ ಚದರ ಸೆಂಟಿಮೀಟರಿಗೆ 10ರ 11ನೆಯ ಘಾತದ ವಾಟ್‌ಗಳನ್ನು ದಾಟುತ್ತದೆ ಎಂಬ ಲೆಕ್ಕವನ್ನು ಅವರು ಮೊದಲೇ ಮಾಡಿಕೊಂಡು ಬರಲಿ. ಕಿಡಿಯ ರೋಹಿತದಲ್ಲಿ, ಗಾಳಿಯ ತೇವಾಂಶದಿಂದ ಬರುವ 656.3 ನ್ಯಾನೊಮೀಟರಿನ ಹೈಡ್ರೋಜನ್ ರೇಖೆ ಸ್ಟಾರ್ಕ್ ಪರಿಣಾಮದಿಂದ (ಸುತ್ತಲಿನ ಆವೇಶಗಳ ವಿದ್ಯುತ್ ಕ್ಷೇತ್ರದಿಂದ) ಎಷ್ಟು ಅಗಲವಾಗಿದೆ ಎಂದು ಅಳೆದು ಎಲೆಕ್ಟ್ರಾನ್ ಸಾಂದ್ರತೆಯನ್ನು ಪಡೆಯಬಹುದು. ಸ್ಪೆಕ್ಟ್ರೋಮೀಟರ್ ತಾನೇ ಸೇರಿಸುವ ಅಗಲವನ್ನು ಕಡಿಮೆ ಒತ್ತಡದ ದೀಪವೊಂದರ ರೇಖೆಯಿಂದ ಮುಂಚೆಯೇ ತಿಳಿದುಕೊಂಡಿರಬೇಕು, ಇದನ್ನು ಮರೆಯುವವರೇ ಹೆಚ್ಚು.

ತಾಪವನ್ನು ಅಳೆಯಲು, ಹಲವು ರೇಖೆಗಳ ಹೊಳಪನ್ನು ಹೋಲಿಸುವ ಬೋಲ್ಟ್ಸ್‌ಮನ್ ನಕ್ಷೆಯಿದೆ, ಆದರೆ ಅದು ಸ್ಥಾನಿಕ ಉಷ್ಣ ಸಮತೋಲವಿದೆಯೆಂದು (ಪ್ರತಿ ಬಿಂದುವಿನಲ್ಲೂ ಕಣಗಳ ಶಕ್ತಿ ಹಂಚಿಕೆಯನ್ನು ಒಂದೇ ತಾಪ ನಿರ್ಧರಿಸುತ್ತದೆಂದು) ಭಾವಿಸಿ ಹೊರಡುತ್ತದೆ. ಎಲೆಕ್ಟ್ರಾನ್ ಸಾಂದ್ರತೆ ಕನಿಷ್ಠ ಎಷ್ಟಿರಬೇಕೆಂದು ಹೇಳುವ ಮ್ಯಾಕ್‌ವರ್ಟರ್ ಮಾನದಂಡ ಆ ಸಮತೋಲಕ್ಕೆ ಅಗತ್ಯವೇ ಹೊರತು ಸಾಕಷ್ಟಲ್ಲ ಎಂಬುದನ್ನು ಮೌಖಿಕ ಪರೀಕ್ಷೆಯಲ್ಲಿ ತಪ್ಪದೆ ಕೇಳಿ. ಕಿಡಿ ಹುಟ್ಟಿದ ಆರಂಭದ ಕ್ಷಣಗಳಲ್ಲಿ ನಿರಂತರ ರೋಹಿತದ ಹೊಳಪು ರೇಖೆಗಳನ್ನು ಮುಚ್ಚಿಬಿಡುತ್ತದೆ. ಪಲ್ಸ್ ಆದ ಮೇಲೆ ಇಷ್ಟು ಹೊತ್ತು ಬಿಟ್ಟು ತೆರೆದುಕೊಳ್ಳುವಂತೆ ಹೊಂದಿಸಬಲ್ಲ ಕ್ಯಾಮೆರಾ ನಿಮ್ಮಲ್ಲಿಲ್ಲದಿದ್ದರೆ, ತಮಗೆ ಸಿಕ್ಕಿದ್ದು ಕಿಡಿಯ ಇಡೀ ಆಯುಷ್ಯದ ಬೆಳಕು ಬೆರೆತ ಒಂದು ಸರಾಸರಿ ಎಂದು ವಿದ್ಯಾರ್ಥಿಗಳು ವರದಿಯ ಮೊದಲ ಪುಟದಲ್ಲೇ ಬರೆಯಬೇಕು.