ಚೊಚ್ಚಲು ಹೆರಿಗೆಯನ್ನು ಮನೆಯಲ್ಲೇ ಮಾಡಿಸಿಕೊಳ್ಳಬಹುದೇ? ಬಯ್ಯದೆ ಹೇಳಿ

ಪಾಂಡವಪುರದ ಮಗಳು

ನನಗೆ 24 ವರ್ಷ, ಎಂಟನೇ ತಿಂಗಳು ನಡೆಯುತ್ತಿದೆ. ಹೆರಿಗೆಗೆಂದು ತವರಿಗೆ, ಪಾಂಡವಪುರದ ಹತ್ತಿರದ ಹಳ್ಳಿಗೆ ಬಂದಿದ್ದೇನೆ. ಯಜಮಾನರಿಗೆ ಮೈಸೂರಿನಲ್ಲಿ ಕೆಲಸ, ವಾರಕ್ಕೊಮ್ಮೆ ಬಂದು ಹೋಗುತ್ತಾರೆ.

ಹೋದ ವರ್ಷ ನನ್ನ ಅಕ್ಕನ ಹೆರಿಗೆಯಾಯಿತು. ಯಾವ ಆಸ್ಪತ್ರೆ ಎಂಬುದು ಬೇಡ. ರಾತ್ರಿಯಿಡೀ ಅವಳನ್ನು ಅಂಗಾತ ಮಲಗಿಸಿದ್ದರು, ಕೂಗಿದ್ದಕ್ಕೆ ಗದರಿದರು, ಅಮ್ಮನನ್ನು ಹೊರಗೆ ಕಳುಹಿಸಿದರು. ಮಗುವನ್ನು ಅವಳ ಕೈಗೆ ಕೊಟ್ಟದ್ದು ನಾಲ್ಕು ಗಂಟೆಯ ನಂತರ. ಅವಳು ಅದನ್ನು ಹೇಳಿಕೊಂಡು ಅತ್ತದ್ದು ಈಗಲೂ ನನ್ನ ಕಿವಿಯಲ್ಲಿದೆ.

ನಮ್ಮ ಅಜ್ಜಿಗೆ ಏಳು ಮಕ್ಕಳು, ಎಲ್ಲರೂ ಇದೇ ಮನೆಯ ನಡುಮನೆಯಲ್ಲಿ ಹುಟ್ಟಿದವರು. ಆಗಿನ ಸೂಲಗಿತ್ತಿಯ ಸೊಸೆ ಊರಿನಲ್ಲಿದ್ದಾರೆ. ಈಗ ಅವರಿಗೂ ವಯಸ್ಸಾಗಿದೆ, ಕೂಸುಗಳಿಗೆ ನೀರು ಹಾಕಲು ಹೋಗುತ್ತಾರೆ. "ನಾನಿದ್ದೇನೆ, ಹೆದರಬೇಡ" ಎಂದರು. ಹೊರದೇಶಗಳಲ್ಲಿ ಹೆಂಗಸರು ಮನೆಯಲ್ಲೇ, ನೀರಿನ ತೊಟ್ಟಿಯಲ್ಲಿ ಕೂತು ಹೆರುವುದನ್ನು ಮೊಬೈಲಿನಲ್ಲಿ ನೋಡಿದ್ದೇನೆ. ಆಶಾ ಅಕ್ಕನನ್ನು ಕೇಳಿದರೆ "ಹಾಗೆಲ್ಲ ಮಾಡಬಾರದು" ಎನ್ನುತ್ತಾರೆ, ಕಾರಣ ಹೇಳುವುದಿಲ್ಲ.

ತಾಯಿ ಕಾರ್ಡಿನಲ್ಲಿ ಬಿ.ಪಿ. ಸರಿಯಾಗಿದೆ, ಮಗುವಿನ ತಲೆ ಕೆಳಗಿದೆ ಎಂದು ಬರೆದಿದ್ದಾರೆ, ಹಿಮೋಗ್ಲೋಬಿನ್ 9.2. ಇನ್ನೊಂದು ವಿಷಯ: ಮೊದಲ ಎರಡು ದಿನ ಹಾಲು ಬರುವುದಿಲ್ಲ, ಜೇನುತುಪ್ಪ ನೆಕ್ಕಿಸಿ ಹಸುವಿನ ಹಾಲು ಹಾಕಬೇಕು ಎಂದು ಅತ್ತೆ ಫೋನಿನಲ್ಲಿ ದಿನವೂ ಹೇಳುತ್ತಿದ್ದಾರೆ.

ಕೆ.ಆರ್. ಪೇಟೆ ರೈತ

ನಮ್ಮ ಹಿಂದಿನವರೆಲ್ಲ ಮನೆಯಲ್ಲೇ ಹೆತ್ತರು, ಗಟ್ಟಿಮುಟ್ಟಾಗಿದ್ದರು. ಈಗ ಆಸ್ಪತ್ರೆಗೆ ಕಾಲಿಟ್ಟರೆ ಕೊಯ್ಯುತ್ತಾರೆ. ಧೈರ್ಯವಿದ್ದರೆ ಮನೆಯೇ ಮೇಲು.

ಕುವೆಂಪುನಗರದ ತಾಯಿ

ತಂಗೀ, ನನ್ನ ಎರಡನೆಯ ಹೆರಿಗೆಯಲ್ಲಿ ನನ್ನ ಚಿಕ್ಕಮ್ಮ ಕೊನೆಯವರೆಗೂ ಒಳಗೇ ಇದ್ದರು, ಸೊಂಟ ನೀವುತ್ತಿದ್ದರು. ಮೊದಲೇ ಹೋಗಿ ಕೇಳಿಕೊಂಡಿದ್ದೆವು. ಕೇಳದೇ ಇದ್ದ ಮೊದಲ ಸಲ ನಾನೂ ಒಬ್ಬಳೇ ಇದ್ದೆ. ಇಷ್ಟೇ ನನಗೆ ಗೊತ್ತಿರುವುದು. ಉಳಿದದ್ದನ್ನು ತಿಳಿದವರು ಹೇಳಲಿ.

ನಿವೃತ್ತ ಎಎನ್‌ಎಂ, ಮಳವಳ್ಳಿ ಕಡೆ

ಮಗಳೇ, ನಿನ್ನನ್ನು ಬಯ್ಯಲು ಏನೂ ಇಲ್ಲ. ನಿನ್ನ ಅಕ್ಕನಿಗೆ ಆದದ್ದು ತಪ್ಪು. ಅದನ್ನು ನೋಡಿದ ಹುಡುಗಿಗೆ ಮನೆಯೇ ವಾಸಿ ಎನ್ನಿಸುವುದು ಸಹಜ.

ನಾನು 1987ರಲ್ಲಿ ಎಎನ್‌ಎಂ, ಅಂದರೆ ಹಳ್ಳಿಗಳ ಸರ್ಕಾರಿ ದಾದಿಯಾಗಿ ಕೆಲಸಕ್ಕೆ ಸೇರಿದವಳು. ಲಾಟೀನಿನ ಬೆಳಕಿನಲ್ಲಿ, ಎಷ್ಟೋ ಮನೆಗಳ ನಡುಮನೆಯಲ್ಲಿ ಕೂಸು ಹಿಡಿದಿದ್ದೇನೆ. ಶುಚಿಯಾದ ಕೈ, ಶುಚಿಯಾದ ಜಾಗ, ಹೊಸ ಬ್ಲೇಡು, ಕುದಿಸಿದ ದಾರ, ಹೊಕ್ಕುಳಿಗೆ ಏನೂ ಹಚ್ಚದಿರುವುದು: ಈ ಐದನ್ನು ಸೂಲಗಿತ್ತಿಯರಿಗೆ ಹೇಳಿಕೊಡುವುದೂ ನನ್ನ ಕೆಲಸವೇ ಆಗಿತ್ತು. ಅವರ ಮೇಲೆ ನನಗೆ ತುಂಬು ಗೌರವವಿದೆ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು.

ಆದರೂ ಬೇಡ ಎನ್ನುತ್ತೇನೆ. ಕಾರಣ ಹೇಳುತ್ತೇನೆ.

ಒಂದು ರಾತ್ರಿ, ಎರಡನೆಯ ಹೆರಿಗೆಯ ಹೆಂಗಸು. ಎಲ್ಲವೂ ಸಲೀಸು. ಕೂಸು ಅತ್ತಿತು, ಮಾಸು ಬಿತ್ತು, ಅವಳು ಕಾಫಿ ಕೇಳಿದಳು. ಅವಳ ಅತ್ತೆ ಒಲೆಯ ಮುಂದೆ ಕೂತಿದ್ದಾಗಲೇ ರಕ್ತ ಶುರುವಾಯಿತು. ಹೆರಿಗೆಯಾದ ಮೇಲೆ ಗರ್ಭಕೋಶ ಮುಷ್ಟಿಯ ಹಾಗೆ ಬಿಗಿದುಕೊಳ್ಳಬೇಕು. ಅವಳದು ಒದ್ದೆ ಬಟ್ಟೆಯ ಹಾಗೆ ಸಡಿಲವಾಗಿಯೇ ಇತ್ತು. ನನ್ನ ಬಳಿ ಇದ್ದ ಇಂಜೆಕ್ಷನ್ ಕೊಟ್ಟೆ, ಹೊಟ್ಟೆ ಉಜ್ಜುತ್ತಲೇ ಇದ್ದೆ. ಕಬ್ಬಿನ ಟ್ರ್ಯಾಕ್ಟರಿನಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಹೊರಟೆವು. ಪೇಟೆಯ ದೀಪಗಳು ಕಾಣುವ ಹೊತ್ತಿಗೆ ನಾನು ಹಿಡಿದಿದ್ದ ಕೈ ತಣ್ಣಗಾಗಿತ್ತು. ಹೀಗಾಗುತ್ತದೆ ಎನ್ನಲು ಅವಳಲ್ಲಿ ಒಂದು ಲಕ್ಷಣವೂ ಇರಲಿಲ್ಲ. ಆ ಹೊತ್ತಿನಲ್ಲಿ ಬೇಕಾಗುವುದು ಗರ್ಭಕೋಶವನ್ನು ಬಿಗಿಸುವ ಆಕ್ಸಿಟೋಸಿನ್ ಮದ್ದು, ಡ್ರಿಪ್, ರಕ್ತದ ಬಾಟಲಿ, ಹತ್ತಿರದಲ್ಲೊಬ್ಬ ಡಾಕ್ಟರು. ಆಕ್ಸಿಟೋಸಿನ್ ಅನ್ನು ತಂಪಿನಲ್ಲಿಡದಿದ್ದರೆ ಅದರ ಗುಣ ಕೆಡುತ್ತದೆ, ಸೆರಗಿನಲ್ಲಿ ಕಟ್ಟಿಕೊಂಡು ಓಡಾಡುವ ಮದ್ದಲ್ಲ ಅದು. ನಿನಗೆ ಹಿಮೋಗ್ಲೋಬಿನ್ 9.2 ಎಂದರೆ ಬೇರೆಯವರು ತಡೆದುಕೊಳ್ಳುವಷ್ಟು ರಕ್ತ ಹೋದರೂ ನಿನ್ನ ಮೈ ತಡೆಯಲಾರದು. 11 ಇರಬೇಕಾಗಿತ್ತು.

ಹೊರದೇಶದ ಮಾತಿಗೆ ಬರುತ್ತೇನೆ. ನನ್ನ ಮಗಳು ನರ್ಸಿಂಗ್ ಪಾಠ ಮಾಡುತ್ತಾಳೆ, ಅವಳಿಂದ ತಿಳಿದದ್ದು. ಇಂಗ್ಲೆಂಡಿನಲ್ಲಿ ಸುಮಾರು 64,000 ಹೆಂಗಸರ ಹೆರಿಗೆಯನ್ನು ಗಮನಿಸಿ 2011ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ತೊಂದರೆಯಿಲ್ಲದ ಬಸುರಿಯರಲ್ಲಿ, ಎರಡನೆಯ ಅಥವಾ ನಂತರದ ಹೆರಿಗೆಗೆ ಮನೆಯಾದರೂ ಆಸ್ಪತ್ರೆಯಾದರೂ ಮಗುವಿಗೆ ವ್ಯತ್ಯಾಸ ಕಾಣಲಿಲ್ಲ. ಚೊಚ್ಚಲಿನಲ್ಲಿ ಮಾತ್ರ, ಕೂಸಿಗೆ ಗಂಭೀರ ತೊಂದರೆಯಾದದ್ದು ಆಸ್ಪತ್ರೆಯಲ್ಲಿ ಸಾವಿರಕ್ಕೆ ಸುಮಾರು 5, ಮನೆಯಲ್ಲಿ ಸುಮಾರು 9. ಮನೆಯಲ್ಲಿ ಶುರು ಮಾಡಿದ ಚೊಚ್ಚಲಿನವರಲ್ಲಿ ನೂರಕ್ಕೆ 45 ಮಂದಿಯನ್ನು ಕೊನೆಗೆ ಆಸ್ಪತ್ರೆಗೆ ಸಾಗಿಸಬೇಕಾಯಿತು. ಅಲ್ಲಿ ಮನೆಗೆ ಬರುವವಳು ಪರವಾನಗಿ ಪಡೆದ, ಔಷಧದ ಪೆಟ್ಟಿಗೆ ಹಿಡಿದ ಮಿಡ್‌ವೈಫ್, ಅಂದರೆ ಓದಿ ತರಬೇತಿ ಪಡೆದ ಸೂಲಗಿತ್ತಿ. ನಮ್ಮೂರಲ್ಲಿ ಮನೆಗೆ ಹಾಗೆ ಬರುವವರಿಲ್ಲ. ಮೊಬೈಲಿನಲ್ಲಿ ನೀನು ನೋಡಿದ ನೀರಿನ ತೊಟ್ಟಿಯ ಹಿಂದೆ ಇಷ್ಟೆಲ್ಲ ಇರುತ್ತದೆ.

ಕೆ.ಆರ್. ಪೇಟೆಯ ಅಣ್ಣನವರೇ, ಹಿಂದಿನವರು ಗಟ್ಟಿಮುಟ್ಟಾಗಿದ್ದರು ಎನ್ನುವಾಗ ನಾವು ಉಳಿದವರನ್ನು ಮಾತ್ರ ಎಣಿಸುತ್ತೇವೆ. ಮಗಳೇ, ಅಜ್ಜಿಯನ್ನು ಒಂದು ಮಾತು ಕೇಳು: ಉಳಿದವರು ಏಳು, ಹೆತ್ತದ್ದು ಎಷ್ಟು?

ನಿನಗೆ ಮನೆಯಲ್ಲಿ ಬೇಕಿರುವುದಾದರೂ ಏನು? ಪಕ್ಕದಲ್ಲಿ ನಿನ್ನವರು, ಎದ್ದು ಓಡಾಡುವ ಸ್ವಾತಂತ್ರ್ಯ, ಗದರದ ಮಾತು, ಹುಟ್ಟಿದ ಕೂಡಲೇ ಮಗು ಎದೆಯ ಮೇಲೆ. ಇವೆಲ್ಲ ಆಸ್ಪತ್ರೆಯಲ್ಲೇ ನಿನಗೆ ಸಲ್ಲಬೇಕಾದವು. 2017ರಲ್ಲಿ ಕೇಂದ್ರ ಸರ್ಕಾರ ತಂದ 'ಲಕ್ಷ್ಯ' ಕಾರ್ಯಕ್ರಮ ಸರ್ಕಾರಿ ಹೆರಿಗೆ ಕೋಣೆಗಳಿಗೆ ಹೇಳಿರುವುದೂ ಇದನ್ನೇ: ಜೊತೆಗೊಬ್ಬ ಹೆಂಗಸು, ಮರೆಗೆ ಪರದೆ, ಗೌರವದ ನಡತೆ. ಮುಂದಿನ 9ನೇ ತಾರೀಖು ಬಸುರಿಯರ ತಿಂಗಳ ತಪಾಸಣೆಗೆ ಹೋದಾಗ ಹೆರಿಗೆ ಕೋಣೆಯನ್ನು ಕಣ್ಣಾರೆ ನೋಡಿ ಬಾ. ನರ್ಸಮ್ಮನನ್ನು ನೇರವಾಗಿ ಕೇಳು: ನನ್ನವರೊಬ್ಬರನ್ನು ಒಳಗೆ ಬಿಡುತ್ತೀರಾ, ನೋವಿನ ಹೊತ್ತಿನಲ್ಲಿ ನಡೆದಾಡಬಹುದೇ? ಮುಖ ನೋಡಿ ಮೊದಲೇ ಮಾತಾಡಿದ ಹುಡುಗಿಯನ್ನು ಗದರುವುದು ಅಷ್ಟು ಸುಲಭವಲ್ಲ, ಇದು ನಾನು ಒಳಗಿದ್ದು ಕಂಡದ್ದು. ಒಪ್ಪದಿದ್ದರೆ ಮಂಡ್ಯದ ಮಿಮ್ಸ್ ಆಸ್ಪತ್ರೆ ಇದೆ, ಮೈಸೂರಿನ ಚೆಲುವಾಂಬ ಆಸ್ಪತ್ರೆ ಇದೆ, ಅಲ್ಲಿಯೂ ಕೇಳು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ರಕ್ತ, ಊಟ ಎಲ್ಲವೂ 2011ರಿಂದ ಉಚಿತ; ಕರೆತರಲು 108 ಇದೆ.

ಆ ಸೂಲಗಿತ್ತಿಯಮ್ಮನನ್ನು ದೂರ ಮಾಡಬೇಡ. ನಿನ್ನ ಅಮ್ಮನಿಗೆ ಎದೆಗಟ್ಟಿ ಇಲ್ಲದಿದ್ದರೆ ಅವರನ್ನೇ ಜೊತೆಗೆ ಕರೆದುಕೊಂಡು ಹೋಗುತ್ತೇನೆಂದು ಕೇಳಿ ನೋಡು. ಸೊಂಟ ನೀವಲು, ನೋವಿನಲ್ಲಿ ಉಸಿರಾಡುವುದನ್ನು ಹೇಳಿಕೊಡಲು ಅವರಿಗಿಂತ ಒಳ್ಳೆಯವರು ಸಿಗುವುದಿಲ್ಲ.

ಹಾಲಿನ ವಿಷಯ. ಅತ್ತೆಯೊಡನೆ ಜಗಳ ಬೇಡ, ಅವರ ಕೊಟ್ಟಿಗೆಯ ಮಾತನ್ನೇ ಆಡು. ಹಸು ಕರು ಹಾಕಿದಾಗ ಕರುವಿಗೆ ಗಿಣ್ಣು ಕುಡಿಸದೆ ಬಿಡುತ್ತಾರೆಯೇ? ಬಿಟ್ಟರೆ ಕರು ಸೊರಗುತ್ತದೆ ಎಂದು ಅವರಿಗೇ ಚೆನ್ನಾಗಿ ಗೊತ್ತು. ನಿನ್ನ ಎದೆಯಲ್ಲಿ ಮೊದಲು ಬರುವ ಹಳದಿ ಹಾಲೂ ಅದೇ. ಮೊದಲ ದಿನ ಕೂಸಿಗೆ ಒಂದು ಸಲಕ್ಕೆ ಚಮಚದಷ್ಟು ಸಾಕು. ಒಂದು ಗಂಟೆಯೊಳಗೆ ಎದೆಗೆ ಹಾಕು, ಆಮೇಲೆ ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಸಲ ಕುಡಿಸು. ತುಂಬು ಹಾಲು ಎರಡರಿಂದ ನಾಲ್ಕನೇ ದಿನದೊಳಗೆ ಇಳಿಯುತ್ತದೆ, ಕೂಸು ಚೀಪಿದಷ್ಟೂ ಇಳಿಯುತ್ತದೆ. ಐದು ದಿನ ಕಳೆದ ಮೇಲೆ ದಿನಕ್ಕೆ ಆರು ಸಲ ಉಚ್ಚೆ ಹೊಯ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ತೊಟ್ಟು ಸೀಳಿದರೆ ಹಾಲು ಬಿಡಿಸಬೇಡ, ಹಿಡಿದ ರೀತಿ ತಪ್ಪಿರುತ್ತದೆ. ತೊಟ್ಟು ಮಾತ್ರವಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯಿಯೊಳಗೆ ಹೋಗಬೇಕು. ಜೇನುತುಪ್ಪವನ್ನು ಒಂದು ವರ್ಷ ತುಂಬುವವರೆಗೆ ತೋರಿಸಲೂ ಬೇಡ, ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆಯ ಕರುಳಿನಲ್ಲಿ ಬೆಳೆದು ವಿಷ ಬಿಡುತ್ತದೆ. ಆರು ತಿಂಗಳು ನಿನ್ನ ಹಾಲೊಂದೇ, ನೀರೂ ಬೇಡ.

ತಲೆ ಸಿಡಿಯುವುದು, ಕಣ್ಣು ಮಂಜಾಗುವುದು, ಮುಖ ಊದುವುದು, ರಕ್ತ ಕಾಣುವುದು, ನೀರು ಹೋಗುವುದು, ಕೂಸಿನ ಮಿಸುಕಾಟ ಕಡಿಮೆಯಾಗುವುದು: ಇವುಗಳಲ್ಲಿ ಯಾವುದಾದರೂ ಒಂದು ಕಂಡರೆ ಬೆಳಗಾಗಲಿ ಎಂದು ಕಾಯಬೇಡ.

ಪಾಂಡವಪುರದ ಮಗಳು

ಅಮ್ಮ, ನಿಮ್ಮ ಮಾತನ್ನು ಅಜ್ಜಿಯ ಮುಂದೆ ಓದಿದೆ. ಅವರು ತುಂಬ ಹೊತ್ತು ಸುಮ್ಮನಿದ್ದರು. ಹೆತ್ತದ್ದು ಒಂಬತ್ತಂತೆ. ಒಂದು ಹುಟ್ಟುವಾಗಲೇ ಹೋಯಿತು. ಇನ್ನೊಂದು ಎಂಟನೇ ದಿನ ಮೈ ಸೆಟೆದುಕೊಂಡು, ಹಾಲು ಹಿಡಿಯದೆ ಹೋಯಿತಂತೆ. ಹೆಸರಿಟ್ಟಿರಲಿಲ್ಲ. ಇಷ್ಟು ವರ್ಷದಲ್ಲಿ ನನ್ನ ಅಮ್ಮನಿಗೂ ಇದು ಗೊತ್ತಿರಲಿಲ್ಲ.

ನಿನ್ನೆ 9ನೇ ತಾರೀಖು ಆಸ್ಪತ್ರೆಗೆ ಹೋಗಿದ್ದೆ. ಒಬ್ಬ ನರ್ಸಮ್ಮ ಕೋಣೆ ತೋರಿಸಿದರು. ಒಬ್ಬರನ್ನು ಬಿಡುತ್ತೇವೆ, ಶುಚಿಯಾದ ಬಟ್ಟೆ ಹಾಕಿಕೊಂಡು ಬರಲಿ, ಮಧ್ಯೆ ಬದಲಾಗಬಾರದು ಎಂದರು. ಸೂಲಗಿತ್ತಿಯಮ್ಮ ಬರುತ್ತೇನೆ ಎಂದಿದ್ದಾರೆ, ಹೊಸ ಸೀರೆ ತೆಗೆದಿಟ್ಟಿದ್ದಾರೆ. ಅಲ್ಲಿಯೇ ಮತ್ತೆ ರಕ್ತ ನೋಡಿದರು, 9.4. ಮಾತ್ರೆ ತಪ್ಪದೆ ನುಂಗುತ್ತಿದ್ದೇನೆ, ಆದರೂ ಇಷ್ಟೇ ಏರಿದೆ.

ನಿವೃತ್ತ ಎಎನ್‌ಎಂ, ಮಳವಳ್ಳಿ ಕಡೆ

ಆ ಎಂಟನೇ ದಿನದ ಕಾಯಿಲೆ ಧನುರ್ವಾಯು ಇದ್ದಿರಬೇಕು, ಮಗಳೇ. ಅದಕ್ಕೇ ನಿನಗೆ ಟಿ.ಡಿ. ಚುಚ್ಚುಮದ್ದು ಹಾಕಿರುವುದು. ಅಜ್ಜಿಯ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತುಕೋ.

ಕಬ್ಬಿಣದ ಮಾತ್ರೆಯನ್ನು ಕ್ಯಾಲ್ಸಿಯಂ ಮಾತ್ರೆಯ ಜೊತೆಗೇ ನುಂಗುತ್ತಿದ್ದೀಯಾ? ಮೇಲೆ ಕಾಫಿ ಕುಡಿಯುತ್ತೀಯಾ? ಹಾಗಿದ್ದರೆ ಮೈಗೆ ಹತ್ತುವುದಿಲ್ಲ. ಕಬ್ಬಿಣವನ್ನು ನಿಂಬೆ ಶರಬತ್ತಿನೊಡನೆ ಒಂದು ಹೊತ್ತು, ಕ್ಯಾಲ್ಸಿಯಂ ಅನ್ನು ಇನ್ನೊಂದು ಹೊತ್ತು ಊಟದ ಜೊತೆ ತೆಗೆದುಕೋ. ದಿನ ಹತ್ತಿರವಾಗಿರುವುದರಿಂದ ಡ್ರಿಪ್ಪಿನಲ್ಲಿ ಕಬ್ಬಿಣ ಹಾಕುತ್ತೀರಾ ಎಂದು ಡಾಕ್ಟರನ್ನು ಈ ವಾರವೇ ಕೇಳು, ಮುಂದಿನ 9ರವರೆಗೆ ಕಾಯಬೇಡ.